ಹಳಿ ಬಿಟ್ಟಿಳಿಯದ ಹದಿಮೂರು

ಫೈನಲ್ ಫ್ಯಾಂಟಸಿ 13 ಶುರುವಾಗೋದು ಒಂದು ರೈಲಿನಲ್ಲಿ. ಸರ್ಕಾರ ತನ್ನದೇ ಜನರನ್ನ ಬಲವಂತವಾಗಿ ಗಡೀಪಾರು ಮಾಡ್ತಿರೋ ರೈಲು ಅದು. ನಾಯಕಿ ಲೈಟ್ನಿಂಗ್ ಕಾವಲು ಸೈನಿಕರನ್ನ ಬಡಿದುಹಾಕಿ ಹೊರಗೆ ಬರ್ತಾಳೆ. ಕಂಟ್ರೋಲರ್ ಹಿಡಿದು ಕೂತ ನಾವು ಮಾತ್ರ ಇನ್ನೂ ಇಪ್ಪತ್ತು ಗಂಟೆ ಹಳಿ ಮೇಲೇ ಇರ್ತೀವಿ.

ಈ ಆಟ ಜಪಾನಿನಲ್ಲಿ ಬಿಡುಗಡೆಯಾಗಿದ್ದು 2009ರ ಡಿಸೆಂಬರ್‌ನಲ್ಲಿ, ಹೊರದೇಶಗಳಿಗೆ ಬಂದಿದ್ದು 2010ರ ಮಾರ್ಚ್‌ನಲ್ಲಿ. ಜಪಾನಿನ ಫಾಮಿಟ್ಸು ಪತ್ರಿಕೆ 40ಕ್ಕೆ 39 ಅಂಕ ಕೊಟ್ಟಿತ್ತು. ಮಾರಾಟಕ್ಕೂ ಕೊರತೆ ಇರಲಿಲ್ಲ. ಹಾಗಿದ್ರೂ ಇವತ್ತಿಗೂ ಇದರ ಹೆಸರೆತ್ತಿದ್ರೆ ಅಭಿಮಾನಿಗಳ ಬಾಯಲ್ಲಿ ಮೊದಲು ಬರೋ ಪದ 'ಕಾರಿಡಾರ್'. ಮುಂದಕ್ಕೆ ನಡಿ, ಹೊಡಿ, ಸಿನಿಮಾ ನೋಡು, ಮತ್ತೆ ಮುಂದಕ್ಕೆ ನಡಿ. ತಿರುಗಾಡೋಕೆ ಊರುಗಳೇ ಇಲ್ಲ. ಅಂಗಡಿ ಅಂದ್ರೆ ಆಟವನ್ನ ಸೇವ್ ಮಾಡೋ ಕಂಬದಲ್ಲೇ ಒಂದು ಮೆನು. ನಿಮ್ಮ ತಂಡದಲ್ಲಿ ಯಾರಿರಬೇಕು ಅನ್ನೋದನ್ನೂ ಬಹಳ ಕಾಲ ಆಟವೇ ತೀರ್ಮಾನ ಮಾಡುತ್ತೆ.

ಯುದ್ಧದಲ್ಲಿ ಮೂವರಿದ್ರೆ ನಿಮ್ಮ ಕೈಲಿರೋದು ಒಬ್ಬರು ಮಾತ್ರ. ಅವರಿಗೂ 'ಆಟೋ-ಬ್ಯಾಟಲ್' ಅಂತ ಒಂದು ಆಯ್ಕೆ ಇದೆ, ಒತ್ತಿದ್ರೆ ಏನು ಮಾಡಬೇಕು ಅಂತ ಕಂಪ್ಯೂಟರ್ರೇ ಯೋಚಿಸುತ್ತೆ. ಆದ್ರೆ ನೀವು ನಡೆಸ್ತಿರೋ ಆ ಒಬ್ಬರು ಸತ್ತರೆ ಆಟ ಮುಗೀತು. ಪಕ್ಕದಲ್ಲೇ ಬದುಕಿಸೋ ಮದ್ದು ಇಟ್ಕೊಂಡಿರೋ ಇನ್ನಿಬ್ಬರು ಸುಮ್ನೆ ನಿಂತಿರ್ತಾರೆ! ಅಧಿಕಾರ ಕೊಡದೆ ಹೊಣೆ ಮಾತ್ರ ಹೊರಿಸೋದು ಅಂದ್ರೆ ಇದೇ. ಕಾರ್ಪೊರೇಟ್ ಕೆಲಸದಲ್ಲಿರೋರಿಗೆ ಬಿಡಿಸಿ ಹೇಳಬೇಕಿಲ್ಲ.

ನ್ಯಾಯವಾಗಿ ಹೇಳಬೇಕಂದ್ರೆ, ಈ ಯುದ್ಧಪದ್ಧತಿಯ ಹಿಂದೆ ಒಳ್ಳೆ ಯೋಚನೆ ಇತ್ತು. ಒಬ್ಬೊಬ್ಬರಿಗೂ ಹೇಳಿಕೊಡೋ ಬದಲು ಇಡೀ ತಂಡದ ಪಾತ್ರಗಳನ್ನ ಕ್ಷಣದಲ್ಲಿ ಬದಲಾಯಿಸೋ 'ಪ್ಯಾರಡೈಮ್' ಪೂರ್ತಿ ಕೈಗೆ ಸಿಕ್ಕಾಗ ನಿಜಕ್ಕೂ ರೋಮಾಂಚನ ಆಗುತ್ತೆ. ಸಿಗೋ ಹೊತ್ತಿಗೆ ಅರ್ಧ ಜನ ಎದ್ದು ಹೋಗಿರ್ತಾರೆ, ಅಷ್ಟೇ. ಬಯಲು ಅಂತ ತೆರೆದುಕೊಳ್ಳೋದೇ 11ನೇ ಅಧ್ಯಾಯದಲ್ಲಿ, ಗ್ರಾನ್ ಪಲ್ಸ್ ತಲುಪಿದ ಮೇಲೆ. ಇರೋದು ಒಟ್ಟು 13.

ಯಾಕೆ ಹೀಗಾಯ್ತು? ಮೊದಲು ಇದನ್ನ ಪ್ಲೇಸ್ಟೇಷನ್ 2ಕ್ಕೆ ಅಂತ ಶುರು ಮಾಡಿದ್ರು. ಆಮೇಲೆ ಪ್ಲೇಸ್ಟೇಷನ್ 3ಕ್ಕೆ ಬದಲಾಯಿಸಿದ್ರು. 2006ರಲ್ಲಿ ಟ್ರೇಲರ್ ತೋರಿಸಿದ್ದೂ ಆಯ್ತು. ಜೊತೆಗೆ ಕ್ರಿಸ್ಟಲ್ ಟೂಲ್ಸ್ ಅನ್ನೋ ಹೊಸ ಎಂಜಿನ್ ಕಟ್ಟೋ ಕೆಲಸ. ಮನೆಗೆ ತಳಪಾಯ ಹಾಕ್ತಾ ಹಾಕ್ತಾನೇ ಗೃಹಪ್ರವೇಶದ ಕಾರ್ಡು ಹಂಚಿದ ಹಾಗೆ. ಆಟ ಎಂಥದ್ದು ಅನ್ನೋದರ ಬಗ್ಗೆ ಬಹಳ ತಡವಾಗುವವರೆಗೂ ತಂಡದೊಳಗೇ ಒಮ್ಮತ ಇರಲಿಲ್ಲ, 2009ರ ಡೆಮೊ ತಯಾರಿಸುವಾಗಲೇ ಎಲ್ಲರಿಗೂ ಒಂದೇ ಚಿತ್ರ ಕಂಡಿದ್ದು ಅಂತ ನಿರ್ಮಿಸಿದವರೇ ಆಮೇಲೆ ಬರೆದುಕೊಂಡ್ರು. ಕತ್ತರಿಸಿ ಬಿಸಾಕಿದ ಭಾಗಗಳಲ್ಲೇ ಇನ್ನೊಂದು ಆಟ ಮಾಡಬಹುದಿತ್ತು ಅಂದಿದ್ದು ಕಲಾ ನಿರ್ದೇಶಕ ಇಸಾಮು ಕಮಿಕೊಕುರ್ಯೊ. ನಿರ್ದೇಶಕ ಮೊಟೊಮು ತೊರಿಯಾಮ ಅವರ ವಾದ ಬೇರೆ: ಆಟಗಾರನಿಗೆ ತುಂಬ ಸ್ವಾತಂತ್ರ್ಯ ಕೊಟ್ಟರೆ ಗಟ್ಟಿಯಾದ ಕತೆ ಹೇಳೋದು ಕಷ್ಟ.

ಈ ವಾದವನ್ನ ನಾನು ಪೂರ್ತಿ ಒಪ್ಪಲ್ಲ. 2001ರ ಫೈನಲ್ ಫ್ಯಾಂಟಸಿ 10 ಕೂಡ ಹೆಚ್ಚುಕಡಿಮೆ ನೇರ ದಾರಿಯೇ, ಅದರಲ್ಲೂ ತೊರಿಯಾಮ ಕೆಲಸ ಮಾಡಿದ್ರು. ಅಲ್ಲಿ ಯಾತ್ರೆ ಹೊರಟಿರ್ತೀವಿ, ದಾರಿಯಲ್ಲಿ ಊರು ಸಿಗುತ್ತೆ, ಗುಡಿ ಸಿಗುತ್ತೆ, ಜನ ನಿಲ್ಲಿಸಿ ಮಾತಾಡಿಸ್ತಾರೆ. ನೀರೊಳಗೆ ಆಡೋ ಬ್ಲಿಟ್ಜ್‌ಬಾಲ್ ಅನ್ನೋ ಚೆಂಡಾಟವೂ ಇದೆ. ದಾರಿ ಒಂದೇ ಇದ್ದರೂ ಉಸಿರುಕಟ್ಟಲ್ಲ.

ತಮಾಷೆ ಅಂದ್ರೆ 13ರ ಕತೆಯೂ ಇದೇ ಸಂಕಟದ್ದು. ಫಾಲ್ಸೀ ಅನ್ನೋ ದೈವದಂಥ ಶಕ್ತಿಗಳು ಮನುಷ್ಯರ ಮೈಮೇಲೆ ಗುರುತು ಹಾಕಿ ಒಂದು ಕೆಲಸ ಒಪ್ಪಿಸುತ್ತವೆ. ಮಾಡದಿದ್ರೆ ರಾಕ್ಷಸರಾಗ್ತಾರೆ, ಮಾಡಿದ್ರೆ ಹರಳಾಗ್ತಾರೆ. ಆರು ಜನ ಸೇರಿ ಆ ವಿಧಿಯನ್ನ ಧಿಕ್ಕರಿಸ್ತಾರೆ. ನಾವು ಧಿಕ್ಕರಿಸೋಕೆ ಒಂದು ಬಟನ್ನೂ ಇಲ್ಲ.

ಟೀಕೆ ಕಂಪನಿಗೆ ಮುಟ್ಟಿತು. 2011ರ 13-2ರಲ್ಲಿ ಊರುಗಳು ಬಂದ್ವು, ಮುಖ್ಯ ಪಾತ್ರ ಸತ್ತರೂ ಇನ್ನೊಬ್ಬರು ಮುಂದುವರಿಸಬಹುದಾಯ್ತು. 2013ರ ಲೈಟ್ನಿಂಗ್ ರಿಟರ್ನ್ಸ್‌ನಲ್ಲಂತೂ ಎಲ್ಲಿಗೆ ಬೇಕಾದ್ರೂ ಹೋಗಿ ಅಂದ್ರು. ಆದ್ರೆ ಅದರಲ್ಲಿ ಜಗತ್ತು 13 ದಿನಕ್ಕೆ ಮುಗಿದುಹೋಗುತ್ತೆ, ಪರದೆ ಮೇಲೆ ಗಡಿಯಾರ ಓಡ್ತಾನೇ ಇರುತ್ತೆ.