ಪ್ರಾರ್ಥನೆಗೆ ಒಪ್ಪಿದವರು ಯಾರು?

ಮಿಷನ್ ಶಾಲೆಗಳಲ್ಲಿ ಕ್ರೈಸ್ತ ಪ್ರಾರ್ಥನೆ ನಡೆಯುವುದು ಸರಿಯೇ ಎಂಬ ಪ್ರಶ್ನೆ ನಮ್ಮಲ್ಲಿ ಆಗಾಗ ಏಳುತ್ತದೆ. ಎದ್ದಾಗಲೆಲ್ಲ ಮಾತು ಬಿಸಿಯಾಗುತ್ತದೆ. ವಾಚಕರೇ, ಅದನ್ನು ಕೋಲಾರದ ಸೀಮೆಯಲ್ಲಿಟ್ಟು ನೋಡೋಣ. ಅಲ್ಲಿ ಈ ಪ್ರಶ್ನೆಗೆ ಸುಮಾರು ನೂರೈವತ್ತು ವರ್ಷಗಳ ವಯಸ್ಸು.

1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಹಿಂಡಿದ ಧಾತು-ಈಶ್ವರ ಸಂವತ್ಸರಗಳ ಬರವನ್ನು ತಾವು ಕೇಳಿರಬಹುದು. 1871ರ ಗಣತಿಯಲ್ಲಿ 50 ಲಕ್ಷ ಮೀರಿದ್ದ ಜನಸಂಖ್ಯೆ 1881ರ ಗಣತಿಯ ಹೊತ್ತಿಗೆ 42 ಲಕ್ಷದ ಒಳಕ್ಕೆ ಇಳಿದಿತ್ತು. ಆಗ ಕೋಲಾರದಲ್ಲಿ ಲೂಯಿಸಾ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಅನಾಥ ಮಕ್ಕಳನ್ನು ಕೂಡಿಹಾಕಿಕೊಂಡು ಸಾಕಿದರು. ಮುಂದೆ ಆ ಕೆಲಸ ಅಮೆರಿಕದ ಮೆಥಡಿಸ್ಟ್ ಮಿಷನ್ನಿನ ಕೈ ಸೇರಿತು. ಮಕ್ಕಳು ಅನ್ನ ಉಂಡರು, ಅಕ್ಷರ ಕಲಿತರು, ಪ್ರಾರ್ಥನೆಯನ್ನೂ ಕಲಿತರು. ಗಂಜಿಯ ಬೆಲೆಗೆ ಮತವನ್ನು ಕೊಂಡರೆಂದು ಕೆಲವರು ಹೇಳಿಯಾರು. ಮತ್ತಾರು ಗಂಜಿ ಹಾಕಿದರು ಎಂದು ಇನ್ನು ಕೆಲವರು ಕೇಳಿಯಾರು. ಎರಡು ಮಾತಿನಲ್ಲೂ ಹುರುಳಿದೆ. ನನ್ನ ಮನಸ್ಸು ನಿಲ್ಲುವುದು ಬೇರೆ ಕಡೆ. ಆ ಮಗುವಿನ ಪರವಾಗಿ ಹೂಂ ಎನ್ನುವುದಕ್ಕಾಗಲಿ ಒಲ್ಲೆ ಎನ್ನುವುದಕ್ಕಾಗಲಿ ಮನೆಯವರೇ ಉಳಿದಿರಲಿಲ್ಲ. ಪ್ರಾರ್ಥನೆ ಕಲಿಸಿದವರೇ ಪೋಷಕರೂ ಆಗಿದ್ದರು.

ಚಿನ್ನದ ಗಣಿಯ ಊರುಗಳಲ್ಲಿ ಹಾಗಿರಲಿಲ್ಲ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯ ಗಣಿಗಳು ಬೆಳೆದಂತೆ ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಗಣಿಗಾರರು ಬಂದರು. ಅವರಲ್ಲಿ ಮೆಥಡಿಸ್ಟರೇ ಬಹಳ. ಉತ್ತರ ಆರ್ಕಾಟಿನ ಕಡೆಯಿಂದ ತಮಿಳು ಕೂಲಿಗಾರರು ಬಂದು ಲೈನು ಮನೆಗಳಲ್ಲಿ ನೆಲೆಸಿದರು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಈಗಿನ ಬಂಗಾರಪೇಟೆಯಿಂದ, ಮಾರಿಕುಪ್ಪಕ್ಕೆ ರೈಲು ಓಡಿತು. ಇಗರ್ಜಿ, ಗುಡಿ, ಮಸೀದಿ ಎಲ್ಲವೂ ಎದ್ದವು. ಅಷ್ಟಕ್ಕೇ ಮುಗಿಯಲಿಲ್ಲ: ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲೇ ಮದರಾಸಿನ ಪಂಡಿತ ಅಯೋತಿದಾಸರ ಬೌದ್ಧ ಸಂಘದ ಶಾಖೆ ಮಾರಿಕುಪ್ಪದಲ್ಲಿ ನೆಲೆಯೂರಿತು. ಅವರ ‘ತಮಿಳನ್’ ಪತ್ರಿಕೆ ನಿಂತುಹೋಗಿದ್ದದ್ದು 1926ರಲ್ಲಿ ಗಣಿಯ ಊರಿನಿಂದಲೇ ಮತ್ತೆ ಹೊರಟಿತು. ಅಂಬೇಡ್ಕರರು ಬೌದ್ಧರಾಗುವುದಕ್ಕೆ ಮೂವತ್ತು ವರ್ಷ ಮೊದಲಿನ ಮಾತಿದು! ಹುಟ್ಟಿದ ಜಾತಿಯ ಹೊರೆಯನ್ನು ಇಳಿಸಲು ತಾನೇ ಯೋಚಿಸಿ ಬುದ್ಧನನ್ನು ಆರಿಸಿಕೊಂಡ ಕೂಲಿಗಾರ, ಮಗನಿಗೆ ಇಂಗ್ಲಿಷ್ ಬರಲೆಂದು ಮಿಷನ್ ಶಾಲೆಗೆ ಸೇರಿಸಿದನೆನ್ನಿ. ಆ ಹುಡುಗ ಬೆಳಗ್ಗೆ ಕಣ್ಣು ಮುಚ್ಚಿ ಕೈಜೋಡಿಸಿದರೆ ಅದು ಒಪ್ಪಿಗೆಯೇ?

ಸಂವಿಧಾನದ 28ನೆಯ ವಿಧಿ ಈ ಹುಡುಗನನ್ನು ಮರೆತಿಲ್ಲ. ಪೂರಾ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಮತಬೋಧೆ ಕೂಡದು. ಸರ್ಕಾರದ ಮಾನ್ಯತೆಯನ್ನೋ ಸಹಾಯಧನವನ್ನೋ ಪಡೆದ ಶಾಲೆಯಲ್ಲಿ ಮತಬೋಧೆ, ಪೂಜೆಗಳು ನಡೆಯಬಹುದು; ಆದರೆ ಪೋಷಕರು ಒಪ್ಪದೆ ಮಗುವನ್ನು ಅದರಲ್ಲಿ ಸೇರಿಸುವಂತಿಲ್ಲ. ಅಲ್ಪಸಂಖ್ಯಾತರು ತಮ್ಮ ಶಾಲೆ ನಡೆಸುವ ಹಕ್ಕು 30ನೆಯ ವಿಧಿಯಲ್ಲಿದೆ. ಎರಡನ್ನೂ ಕೂಡಿಸಿ ಓದಬೇಕು.

ಕಾಗದದ ಮೇಲೆ ಇದು ಸುಲಭ. 2022ರ ಏಪ್ರಿಲಿನಲ್ಲಿ ಬೆಂಗಳೂರಿನ ಕ್ಲಾರೆನ್ಸ್ ಪ್ರೌಢಶಾಲೆಯ ಪ್ರವೇಶದ ಅರ್ಜಿ ಗದ್ದಲಕ್ಕೆ ಕಾರಣವಾಯಿತು. ಮಗು ಬೈಬಲನ್ನೂ ಸ್ತೋತ್ರಪುಸ್ತಕವನ್ನೂ ತರುವುದಕ್ಕೆ ಆಕ್ಷೇಪವಿಲ್ಲವೆಂದು ಪೋಷಕರು ರುಜು ಹಾಕಬೇಕೆಂಬ ಒಕ್ಕಣೆ ಅದರಲ್ಲಿತ್ತು. ರುಜುವೇನೋ ಒಪ್ಪಿಗೆಯೇ. ಆದರೆ ರುಜು ಹಾಕದಿದ್ದರೆ ಸೀಟು ಸಿಗದೆಂಬ ಅಂಜಿಕೆಯಿದ್ದ ಕಡೆ ಅದನ್ನು ಮನಸಾರೆ ಕೊಟ್ಟ ಒಪ್ಪಿಗೆಯೆನ್ನಲು ನಾನು ಹಿಂಜರಿಯುತ್ತೇನೆ.

ಅದೇ ವರ್ಷ ದೆಹಲಿಯ ಬೀಟಿಂಗ್ ರಿಟ್ರೀಟ್ ಸಮಾರಂಭದಿಂದ ‘ಅಬೈಡ್ ವಿತ್ ಮಿ’ ಎಂಬ ಕ್ರೈಸ್ತ ಕೀರ್ತನೆಯ ರಾಗವನ್ನು ಕೈಬಿಡಲಾಯಿತು. ಗಾಂಧೀಜಿಗೆ ಪ್ರಿಯವಾಗಿದ್ದ ಕೀರ್ತನೆ ಅದು. ಅದನ್ನು ಬಿಡಬೇಕಾಗಿರಲಿಲ್ಲವೆಂದೇ ನನ್ನ ಎಣಿಕೆ. ಬ್ಯಾಂಡಿನ ರಾಗ ಕೇಳಿದವರನ್ನು ಯಾರೂ ಪ್ರಾರ್ಥಿಸೆಂದು ಒತ್ತಾಯಿಸಿರಲಿಲ್ಲ. ಶಾಲೆಯ ಸಾಲಿನಲ್ಲಿ ನಿಂತ ಮಗುವಿಗೆ ಆ ಬಿಡುವಿಲ್ಲ.

ಆ ಬಿಡುವು ಕ್ರೈಸ್ತ ಮಕ್ಕಳಿಗೂ ಬೇಕಾಯಿತು. 1985ರಲ್ಲಿ ಕೇರಳದ ಶಾಲೆಯೊಂದು ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಮೂವರು ಮಕ್ಕಳನ್ನು ರಾಷ್ಟ್ರಗೀತೆ ಹಾಡಲಿಲ್ಲವೆಂದು ಹೊರಹಾಕಿತು. ಅವರು ಗೀತೆಗೆ ಎದ್ದು ನಿಂತಿದ್ದರು, ಬಾಯಿ ಮಾತ್ರ ತೆರೆದಿರಲಿಲ್ಲ. 1986ರಲ್ಲಿ ಸುಪ್ರೀಂ ಕೋರ್ಟು ಅವರನ್ನು ಮತ್ತೆ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಆಜ್ಞೆ ಮಾಡಿತು.