ಶಾಸ್ತ್ರೀಯ ಡ್ರೆಸೇಜ್: ಪುಸ್ತಕ, ವಿಡಿಯೊಗಳಿಂದ ಅಶ್ವಶಿಕ್ಷಣ ಎಷ್ಟು ಸಾಧ್ಯ?

2023ರ ಸೆಪ್ಟೆಂಬರ್ 26ರಂದು ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಡ್ರೆಸೇಜ್ ತಂಡ ಚಿನ್ನದ ಪದಕ ಗೆದ್ದಾಗ, ಆ ಕ್ರೀಡೆಯ ಹೆಸರನ್ನೇ ಮೊದಲ ಬಾರಿಗೆ ಕೇಳಿದವರು ನಮ್ಮಲ್ಲಿ ಬಹಳ ಮಂದಿ ಇದ್ದರು. ಅನುಷ್ ಅಗರವಾಲ್ಲಾ, ಹೃದಯ್ ಛೇಡಾ, ದಿವ್ಯಕೃತಿ ಸಿಂಗ್ ಹಾಗೂ ಸುದೀಪ್ತಿ ಹಜೇಲಾ ಅವರಿದ್ದ ತಂಡ ಗಳಿಸಿದ್ದು 209.205 ಅಂಕ. 1982ರ ದೆಹಲಿ ಕೂಟದ ನಂತರ, ಅಂದರೆ 41 ವರ್ಷಗಳ ಬಳಿಕ, ಅಶ್ವಾರೋಹಣದಲ್ಲಿ ದೇಶಕ್ಕೆ ದೊರೆತ ಚಿನ್ನ ಅದು. ಮರುವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ ಅನುಷ್, ಒಲಿಂಪಿಕ್ಸ್ ಡ್ರೆಸೇಜ್ ಕಣಕ್ಕಿಳಿದ ಮೊದಲ ಭಾರತೀಯ ಎನಿಸಿದರು.

ಇಂಥ ಸಾಧನೆಗಳು ಆಸಕ್ತಿಯನ್ನು ಹುಟ್ಟಿಸುತ್ತವೆ. ಆದರೆ ಈ ವಿದ್ಯೆಯನ್ನು ಬಲ್ಲ ಶಿಕ್ಷಕರು ಬೆರಳೆಣಿಕೆಯ ನಗರಗಳಲ್ಲಷ್ಟೇ ಸಿಗುತ್ತಾರೆ. ಹೀಗಾಗಿ ದೂರದ ಊರಿನ ಆಸಕ್ತರು ಪುಸ್ತಕ ಮತ್ತು ವಿಡಿಯೊಗಳ ಮೊರೆ ಹೋಗುವುದು ಸಹಜ. ಅವುಗಳಿಂದ ಎಷ್ಟು ಕಲಿಯಬಹುದು, ಯಾವ ಹಂತದಲ್ಲಿ ನಿಲ್ಲಬೇಕು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ. ಕಲಿಯುವವನ ತಪ್ಪಿನ ನೋವನ್ನು ಮೊದಲು ಅನುಭವಿಸುವುದು ಮಾತು ಬಾರದ ಪ್ರಾಣಿಯಾದ್ದರಿಂದ ಈ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿಲ್ಲ.

ಏನಿದು ಡ್ರೆಸೇಜ್?

ತರಬೇತಿ ಎಂಬ ಅರ್ಥದ ಫ್ರೆಂಚ್ ಪದವೇ ಡ್ರೆಸೇಜ್. ಕುದುರೆಯ ಸಹಜ ಚಲನೆಗಳನ್ನು ಕ್ರಮಬದ್ಧ ಅಭ್ಯಾಸದ ಮೂಲಕ ಬೆಳೆಸಿ, ಸವಾರನ ಅತಿ ಸೂಕ್ಷ್ಮ ಸೂಚನೆಗೂ ಅದು ಹಗುರವಾಗಿ, ಒಪ್ಪವಾಗಿ ಸ್ಪಂದಿಸುವಂತೆ ಮಾಡುವ ವಿದ್ಯೆ ಇದು. ಕುದುರೆಗೆ ಮೂರು ಮುಖ್ಯ ಗತಿಗಳಿವೆ. ನಡಿಗೆಯಲ್ಲಿ ನಾಲ್ಕು ಗೊರಸುಗಳೂ ಒಂದೊಂದಾಗಿ ಊರುವುದರಿಂದ ನಾಲ್ಕು ಬಡಿತ. ಟ್ರಾಟ್ ಎಂಬ ಕುಕ್ಕುಲೋಟದಲ್ಲಿ ಎದುರುಬದುರು ಕಾಲುಗಳು ಜೋಡಿಯಾಗಿ ಊರುವುದರಿಂದ ಎರಡು ಬಡಿತ. ಕ್ಯಾಂಟರ್‌ನಲ್ಲಿ ಮೂರು ಬಡಿತ. ಈ ಮೂರರ ಶುದ್ಧಿಯೇ ಡ್ರೆಸೇಜ್‌ನ ಅಡಿಪಾಯ.

ಉನ್ನತ ಮಟ್ಟದ ಸ್ಪರ್ಧೆ 60 ಮೀಟರ್ ಉದ್ದ, 20 ಮೀಟರ್ ಅಗಲದ ಅಂಕಣದಲ್ಲಿ ನಡೆಯುತ್ತದೆ. ಅಂಚಿನಲ್ಲಿ ಅಕ್ಷರಫಲಕಗಳಿದ್ದು, ಯಾವ ಅಕ್ಷರದ ಬಳಿ ಯಾವ ಚಲನೆ ಎಂಬುದು ಪೂರ್ವನಿಶ್ಚಿತ. ಪ್ರತಿ ಚಲನೆಗೂ ತೀರ್ಪುಗಾರರು 0ಯಿಂದ 10ರವರೆಗೆ ಅಂಕ ನೀಡುತ್ತಾರೆ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಿಂದ ಇದು ಒಲಿಂಪಿಕ್ ಕ್ರೀಡೆ. ಆದರೆ ವಿದ್ಯೆಯಾಗಿ ಇದರ ವಯಸ್ಸು ಅದಕ್ಕಿಂತ ಬಹಳ ಹಿರಿದು. ಸ್ಪರ್ಧೆಯನ್ನೇ ಗುರಿಯಾಗಿಸಿಕೊಳ್ಳದೆ, ಹಳೆಯ ಆಚಾರ್ಯರ ಕ್ರಮದಲ್ಲಿ ಕುದುರೆಯನ್ನು ತಿದ್ದುವುದನ್ನು ಶಾಸ್ತ್ರೀಯ ಡ್ರೆಸೇಜ್ ಎನ್ನುತ್ತಾರೆ.

ಗ್ರಂಥಗಳ ಪರಂಪರೆ

ಕುದುರೆಯ ತರಬೇತಿಯನ್ನು ಬರೆದಿಡುವ ರೂಢಿ ಅತ್ಯಂತ ಪುರಾತನವಾದುದು. ಕ್ರಿಸ್ತಪೂರ್ವ 14ನೇ ಶತಮಾನದ ಸುಮಾರಿಗೆ ಮಿತಾನಿ ರಾಜ್ಯದ ಕಿಕ್ಕುಲಿ ಎಂಬಾತನ ಹೆಸರಿನಲ್ಲಿ ರಥದ ಕುದುರೆಗಳನ್ನು ಪಳಗಿಸುವ ದಿನಚರಿಯನ್ನು ಮಣ್ಣಿನ ಫಲಕಗಳ ಮೇಲೆ ಬರೆಯಲಾಯಿತು. ಈಗಿನ ಟರ್ಕಿಯಲ್ಲಿರುವ ಹಿಟ್ಟೈಟರ ರಾಜಧಾನಿ ಹತ್ತುಶದಲ್ಲಿ ಅವು ದೊರೆತಿವೆ. ಸುತ್ತುಗಳ ಲೆಕ್ಕಕ್ಕೆ ಅಲ್ಲಿ ಬಳಸಿರುವ ಐಕವರ್ತನ್ನ, ಪಂಜವರ್ತನ್ನ, ಸತ್ತವರ್ತನ್ನ ಎಂಬ ಪದಗಳಲ್ಲಿ ಏಕ, ಪಂಚ, ಸಪ್ತ ಎಂಬ ನಮ್ಮ ಪರಿಚಿತ ಸಂಖ್ಯೆಗಳೇ ಕೇಳಿಸುತ್ತವೆ ಎಂಬುದು ಕುತೂಹಲಕರ.

ಕೌಟಿಲ್ಯನ ಅರ್ಥಶಾಸ್ತ್ರದ ಅಶ್ವಾಧ್ಯಕ್ಷ ಪ್ರಕರಣವು ಸವಾರಿ ಕುದುರೆಯ ಚಲನೆಗಳನ್ನು ವಲ್ಗನ, ನೀಚೈರ್ಗತ, ಲಂಘನ, ಧೋರಣ, ನಾರೋಷ್ಟ್ರ ಎಂದು ವಿಂಗಡಿಸುತ್ತದೆ. ಇವುಗಳಲ್ಲಿ ನಾರೋಷ್ಟ್ರವೆಂದರೆ ಸಂಜ್ಞೆಗೆ ತಕ್ಕಂತೆ ನಡೆಯುವುದು. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ವಾಜಿವಾಹ್ಯಾಲಿ ವಿನೋದ ಎಂಬ ಅಧ್ಯಾಯವೇ ಕುದುರೆಗಳಿಗೆ ಮೀಸಲಾಗಿದೆ.

ಇಂದಿನ ಡ್ರೆಸೇಜ್ ತನ್ನ ಮೂಲವನ್ನು ಗುರುತಿಸಿಕೊಳ್ಳುವುದು ಕ್ರಿಸ್ತಪೂರ್ವ 4ನೇ ಶತಮಾನದ ಗ್ರೀಕ್ ಲೇಖಕ ಕ್ಸೆನೊಫೋನ್‌ನಲ್ಲಿ. ಕೋಪದಲ್ಲಿ ಕುದುರೆಯ ಬಳಿಗೆ ಹೋಗಲೇಬಾರದು, ಬಲವಂತದಿಂದ ಮಾಡಿಸಿದ್ದರಲ್ಲಿ ಸೊಬಗಿರುವುದಿಲ್ಲ ಎಂಬುದು ಆತನ ನಿಲುವು. ಆದರೆ ಆನಂತರದ ಎಲ್ಲ ಗ್ರಂಥಗಳೂ ಅಷ್ಟೇ ಮೃದುವಾಗಿವೆ ಎಂದು ತಿಳಿಯಬಾರದು. 1550ರಲ್ಲಿ ನೇಪಲ್ಸ್‌ನ ಫೆಡೆರಿಕೊ ಗ್ರಿಸೋನೆ ಪ್ರಕಟಿಸಿದ ಪುಸ್ತಕ ಯುರೋಪಿನಾದ್ಯಂತ ಹೆಸರು ಮಾಡಿತಾದರೂ ಅದರಲ್ಲಿನ ಕೆಲವು ದಂಡನೆಗಳು ಇಂದು ಓದಿದರೆ ಮೈ ಜುಮ್ಮೆನಿಸುತ್ತವೆ. ಫ್ರಾನ್ಸಿನ ದೊರೆ 13ನೇ ಲೂಯಿಗೆ ಸವಾರಿ ಕಲಿಸಿದ ಪ್ಲುವಿನೆಲ್ 17ನೇ ಶತಮಾನದ ಆರಂಭದಲ್ಲಿ ಮತ್ತೆ ಮೃದುಮಾರ್ಗವನ್ನು ಎತ್ತಿಹಿಡಿದ. 1733ರಲ್ಲಿ ಸಮಗ್ರ ರೂಪದಲ್ಲಿ ಹೊರಬಂದ ಲಾ ಗೆರಿನಿಯೇರ್‌ನ ಗ್ರಂಥ ಇಂದಿಗೂ ಶಾಸ್ತ್ರೀಯ ಪಂಥದ ಆಧಾರಗ್ರಂಥ. ಹಳೆಯ ಪುಸ್ತಕವೆಂಬ ಒಂದೇ ಕಾರಣಕ್ಕೆ ಯಾವುದೂ ಪ್ರಮಾಣವಾಗದು ಎಂಬುದನ್ನು ಹೊಸ ಓದುಗರು ನೆನಪಿನಲ್ಲಿಡಬೇಕು.

ಪಂಥಭೇದದ ತೊಡಕು

ಸ್ವಯಂ ಕಲಿಯುವವರು ಎದುರಿಸುವ ಮೊದಲ ತೊಡಕು ಪಂಥಗಳದು. 19ನೇ ಶತಮಾನದ ಫ್ರೆಂಚ್ ಸವಾರ ಬೋಷೆ, ಕುದುರೆಯ ದವಡೆ ಮತ್ತು ಕತ್ತನ್ನು ಸಡಿಲಗೊಳಿಸುವ ಅಭ್ಯಾಸಗಳಿಂದ ಹಗುರತನ ಸಾಧಿಸಬೇಕೆಂದ. ಕೈ ಕೆಲಸ ಮಾಡುವಾಗ ಕಾಲು ಸುಮ್ಮನಿರಬೇಕು, ಕಾಲು ಕೆಲಸ ಮಾಡುವಾಗ ಕೈ ಸುಮ್ಮನಿರಬೇಕು ಎಂಬುದು ಆತನ ನಂತರದ ಬೋಧನೆ. ಇದಕ್ಕೆ ಜರ್ಮನಿಯಲ್ಲಿ ತೀವ್ರ ವಿರೋಧ ಎದ್ದಿತು. ಲೂಯಿಸ್ ಸೀಗರ್ 1852ರಲ್ಲಿ ಬೋಷೆಯ ವಿರುದ್ಧ ಪುಸ್ತಕವನ್ನೇ ಬರೆದ. ಆತನ ಶಿಷ್ಯ ಗುಸ್ತಾವ್ ಸ್ಟೈನ್‌ಬ್ರೆಖ್ಟ್, ಕುದುರೆ ಮೊದಲು ನೇರವಾಗಿ, ಉತ್ಸಾಹದಿಂದ ಮುಂದಕ್ಕೆ ಸಾಗಬೇಕು, ಉಳಿದುದೆಲ್ಲ ಅದರಿಂದಲೇ ಬರಬೇಕು ಎಂದು ವಾದಿಸಿದ. ಜರ್ಮನ್ ಕ್ರಮದಲ್ಲಿ ಕೈ ಮತ್ತು ಕಾಲಿನ ಸೂಚನೆಗಳು ಒಂದನ್ನೊಂದು ಬೆಂಬಲಿಸುತ್ತ ಜತೆಯಾಗಿ ನಡೆಯುತ್ತವೆ.

ಎರಡೂ ಕ್ರಮಗಳಲ್ಲಿ ಉತ್ತಮ ಸವಾರರು ತಯಾರಾಗಿದ್ದಾರೆ. ಆದರೆ ಸೋಮವಾರ ಒಂದು ಪುಸ್ತಕ, ಗುರುವಾರ ಇನ್ನೊಂದು ವಿಡಿಯೊ ಎಂದು ಎರಡನ್ನೂ ಬೆರೆಸಿದರೆ, ಒಂದೇ ಒತ್ತಡಕ್ಕೆ ಕುದುರೆ ಎರಡು ಅರ್ಥ ಹುಡುಕಬೇಕಾಗುತ್ತದೆ. ಗೊಂದಲಗೊಂಡ ಕುದುರೆ ಮೊಂಡಾಗುತ್ತದೆ ಇಲ್ಲವೇ ಹೆದರುತ್ತದೆ. ಆದ್ದರಿಂದ ಆರಂಭದಲ್ಲಿ ಒಂದೇ ಪರಂಪರೆಯನ್ನು ಹಿಡಿದು ಓದುವುದು ಲೇಸು.

ಆರು ಮೆಟ್ಟಿಲುಗಳು

ಹೊಸಬರಿಗೆ ಅತ್ಯಂತ ಉಪಯುಕ್ತವಾದುದು ಜರ್ಮನ್ ತರಬೇತಿ ಕ್ರಮದ ಆರು ಮೆಟ್ಟಿಲುಗಳು. ಮೊದಲನೆಯದು ಲಯ. ಎರಡನೆಯದು ಬಿಗಿತವಿಲ್ಲದ ಮೈ. ಮೂರನೆಯದು ಕಡಿವಾಣದೊಂದಿಗೆ ಹದವಾದ, ಅಳುಕಿಲ್ಲದ ಸಂಪರ್ಕ. ನಾಲ್ಕನೆಯದು ಹಿಂಗಾಲುಗಳಿಂದ ಹೊಮ್ಮುವ ಚೈತನ್ಯ. ಐದನೆಯದು ನೇರತೆ. ಮನುಷ್ಯರಲ್ಲಿ ಎಡಚ, ಬಲಚ ಎಂಬುದಿರುವಂತೆ ಕುದುರೆಯೂ ಒಂದು ಮಗ್ಗುಲಿಗೆ ವಾಲಿಕೊಂಡಿರುತ್ತದೆ, ಅದನ್ನು ತಿದ್ದಬೇಕು. ಆರನೆಯದು ಕ್ರೋಡೀಕರಣ, ಅಂದರೆ ಹಿಂಗಾಲಿನ ಕೀಲುಗಳು ಮಡಿದು ಹೆಚ್ಚು ಭಾರ ಹೊತ್ತು, ಮುಂಭಾಗ ಹಗುರವಾಗಿ ಮೇಲೇಳುವ ಸ್ಥಿತಿ. ನಿಂತಲ್ಲೇ ಕುಕ್ಕುಲೋಟ ಹಾಕಿದಂತೆ ಕಾಣುವ ಪಿಯಾಫ್ ಮುಂತಾದ ಚಲನೆಗಳು ಸಾಧ್ಯವಾಗುವುದು ಈ ಕೊನೆಯ ಮೆಟ್ಟಿಲಲ್ಲಿ.

ವಿಡಿಯೊ ನೋಡಿ ಕಲಿಯುವವರು ಎಡವುವುದು ಇಲ್ಲಿಯೇ. ತೆರೆಯ ಮೇಲೆ ಕಣ್ಸೆಳೆಯುವುದು ಬಾಗಿದ ಕತ್ತು. ಅದು ವರ್ಷಗಳ ಅಭ್ಯಾಸದ ಫಲವೆಂಬುದನ್ನು ಮರೆತು, ಲಗಾಮು ಎಳೆದು ತಲೆಯನ್ನು ಕೆಳಗೆ ತರಲು ಹೊರಟರೆ ಆರನೆಯ ಮೆಟ್ಟಿಲ ನಕಲು ಸಿಗುತ್ತದೆಯೇ ಹೊರತು ಮೊದಲನೆಯದೂ ಕೈಗೂಡುವುದಿಲ್ಲ.

ವಿಡಿಯೊ ಕೊಡುವುದೇನು?

ಹಾಗೆಂದು ವಿಡಿಯೊಗಳನ್ನು ತಳ್ಳಿಹಾಕುವಂತಿಲ್ಲ. ಓಡುವ ಕುದುರೆಯ ಕಾಲುಗಳ ಕ್ರಮ ಬರಿಗಣ್ಣಿಗೆ ನಿಲುಕುವುದಿಲ್ಲ. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲು ಕ್ಯಾಮೆರಾಗಳಿಂದ ಚಿತ್ರ ತೆಗೆದ ಮೇಲಷ್ಟೇ, ನಾಗಾಲೋಟದಲ್ಲಿ ನಾಲ್ಕು ಗೊರಸುಗಳೂ ನೆಲ ಬಿಡುವುದು ಯಾವ ಕ್ಷಣದಲ್ಲಿ ಎಂಬುದು ಖಚಿತವಾಯಿತು. ಕಾಲುಗಳನ್ನು ಮುಂದಕ್ಕೂ ಹಿಂದಕ್ಕೂ ಚಾಚಿದಂತೆ ಚಿತ್ರಕಾರರು ಅದುವರೆಗೆ ಬರೆಯುತ್ತಿದ್ದುದು ತಪ್ಪೆಂದು ತಿಳಿಯಿತು. ಇಂದು ಮೊಬೈಲ್ ಫೋನಿನಲ್ಲೇ ನಿಧಾನಗತಿಯ ದೃಶ್ಯ ನೋಡಬಹುದು.

ನೋಡುವಾಗ ಸವಾರನನ್ನಲ್ಲ, ಕುದುರೆಯನ್ನು ಗಮನಿಸಬೇಕು. ಟ್ರಾಟ್‌ನಲ್ಲಿ ಜೋಡಿ ಕಾಲುಗಳು ಒಟ್ಟಿಗೆ ಊರುತ್ತಿವೆಯೇ? ಬೆನ್ನು ತೂಗುತ್ತಿದೆಯೇ? ಬಾಯಿ ತೆರೆದಿದೆಯೇ? ಬಾಲ ಸಿಡುಕಿನಿಂದ ಬಡಿಯುತ್ತಿದೆಯೇ? ಮೂಗಿನ ಗೆರೆ ನೆಲಕ್ಕೆ ಲಂಬವಾದ ರೇಖೆಗಿಂತ ತುಸು ಮುಂದಿರಬೇಕು. ಗದ್ದ ಎದೆಗೆ ತಾಗುವಂತೆ ಬಲವಂತದಿಂದ ಕತ್ತನ್ನು ಮಡಿಸುವ ಪದ್ಧತಿ ದೀರ್ಘ ವಿವಾದಕ್ಕೆ ಗುರಿಯಾಗಿ, 2010ರ ಫೆಬ್ರವರಿಯಲ್ಲಿ ಅಂತರರಾಷ್ಟ್ರೀಯ ಅಶ್ವಾರೋಹಣ ಒಕ್ಕೂಟ ಅದನ್ನು ಒಪ್ಪಲಾಗದ ಕ್ರಮವೆಂದು ಘೋಷಿಸಿತು. ಪದಕ ಗೆದ್ದವರ ದೃಶ್ಯವೆಂದ ಮಾತ್ರಕ್ಕೆ ಎಲ್ಲವೂ ಅನುಕರಣೀಯವಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಕೈಗೆ ಬರಬೇಕಾದ ವಿದ್ಯೆ

ಪುಸ್ತಕ, ವಿಡಿಯೊಗಳು ಕಣ್ಣನ್ನೂ ಬುದ್ಧಿಯನ್ನೂ ತಿದ್ದಬಲ್ಲವು. ಕೈಯನ್ನು ತಿದ್ದಲಾರವು. ಕುದುರೆಯ ಮುಂದಿನ ಹಲ್ಲುಗಳಿಗೂ ದವಡೆ ಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಎಡೆಯೊಂದಿದೆ. ಕಡಿವಾಣ ಕೂರುವುದು ಅಲ್ಲಿ, ನಾಲಗೆಯ ಮೇಲೆ ಹಾಗೂ ಎಲುಬಿಗೆ ಅಂಟಿದ ತೆಳು ಒಸಡಿನ ಮೇಲೆ. ಸಮತೋಲ ತಪ್ಪಿದ ಸವಾರ ಲಗಾಮನ್ನೇ ಆಧಾರವಾಗಿ ಹಿಡಿದರೆ ಆ ಭಾರವೆಲ್ಲ ಬೀಳುವುದು ಆ ಸೂಕ್ಷ್ಮ ಜಾಗದ ಮೇಲೆ.

ಒತ್ತಡ ಹಾಕಿದಾಗಲ್ಲ, ಒತ್ತಡ ತೆಗೆದಾಗ ಕುದುರೆ ಕಲಿಯುತ್ತದೆ. ಕಾಲಿನ ಒತ್ತಡಕ್ಕೆ ಅದು ಮುಂದೆ ಹೆಜ್ಜೆಯಿಟ್ಟ ಕೂಡಲೇ ಒತ್ತಡ ನಿಲ್ಲಬೇಕು. ತಡವಾದರೆ, ತಾನು ಮಾಡಿದ್ದು ಸರಿಯೆಂದು ಕುದುರೆಗೆ ತಿಳಿಯುವುದೇ ಇಲ್ಲ. ಮೀನಮೇಷ ಎಣಿಸಲು ಅಲ್ಲಿ ಅವಕಾಶವಿಲ್ಲ. ಈ ಕ್ಷಣಪ್ರಜ್ಞೆ ಓದಿನಿಂದ ಬರುವಂಥದಲ್ಲ.

ಉದಾಹರಣೆಗೆ ಲಾ ಗೆರಿನಿಯೇರ್ ವಿವರಿಸಿದ ಶೋಲ್ಡರ್-ಇನ್ ಅಭ್ಯಾಸವನ್ನೇ ನೋಡಬಹುದು. ಗೋಡೆಯ ಗುಂಟ ಸಾಗುತ್ತಿರುವಾಗ ಕುದುರೆಯ ಹೆಗಲನ್ನು ತುಸು ಒಳಕ್ಕೆ ತಂದು, ಒಳಗಿನ ಹಿಂಗಾಲು ಹೊಟ್ಟೆಯಡಿಗೆ ಹೆಜ್ಜೆ ಇಡುವಂತೆ ಮಾಡುವುದು ಇದರ ಉದ್ದೇಶ. ಓದಲು ಸರಳ. ಆದರೆ ಪುಸ್ತಕ ನೋಡಿ ಪ್ರಯತ್ನಿಸುವವರು ಸಾಮಾನ್ಯವಾಗಿ ಒಳಲಗಾಮನ್ನು ಎಳೆಯುತ್ತಾರೆ. ಆಗ ಕತ್ತು ಬಾಗುತ್ತದೆ, ಹೆಗಲು ಇದ್ದಲ್ಲೇ ಇರುತ್ತದೆ. ಮೇಲೆ ಕುಳಿತವರಿಗೆ ಎರಡೂ ಒಂದೇ ಎನಿಸುತ್ತವೆ. ನೆಲದಲ್ಲಿ ನಿಂತು ನೋಡುವ ಇನ್ನೊಬ್ಬರಿಗಷ್ಟೇ ವ್ಯತ್ಯಾಸ ಕಾಣುತ್ತದೆ.

ವಿಯೆನ್ನಾದ ಪಾಠ

ಲಿಪಿಜಾನರ್ ತಳಿಯ ಬಿಳಿ ಕುದುರೆಗಳಿಗೆ ಹೆಸರಾದ ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲ್ ಶಾಸ್ತ್ರೀಯ ಅಶ್ವಾರೋಹಣದ ಕಾಶಿಯಿದ್ದಂತೆ. ಅದರ ಭವ್ಯ ಸಭಾಂಗಣ 1729ರಿಂದ 1735ರ ನಡುವೆ ನಿರ್ಮಾಣವಾಯಿತು. ಇಲ್ಲಿನ ಅಶ್ವವಿದ್ಯೆಯನ್ನು ಯುನೆಸ್ಕೊ 2015ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ. 1939ರಲ್ಲಿ ಇದರ ನಿರ್ದೇಶಕರಾದ, 1936ರ ಬರ್ಲಿನ್ ಒಲಿಂಪಿಕ್ಸ್‌ನ ಕಂಚು ವಿಜೇತ ಆಲೊಯಿಸ್ ಪೊಡ್ಹಾಯ್‌ಸ್ಕಿ ಬರೆದ ಪುಸ್ತಕಗಳು ಇಂಗ್ಲಿಷಿನಲ್ಲೂ ಲಭ್ಯವಿದ್ದು, ಹೊಸಬರ ಓದಿಗೆ ಅತ್ಯಂತ ಯೋಗ್ಯವಾಗಿವೆ.

ಗಮನಾರ್ಹ ಅಂಶವೆಂದರೆ, ಈ ಶಾಲೆಯ ವಿದ್ಯೆ ಮುಖ್ಯವಾಗಿ ಬಾಯಿಯಿಂದ ಬಾಯಿಗೆ, ಹಿರಿಯ ಸವಾರನಿಂದ ಕಿರಿಯನಿಗೆ ಸಾಗಿಬಂದದ್ದು. ಹೊಸ ವಿದ್ಯಾರ್ಥಿಯನ್ನು ನುರಿತ ಕುದುರೆಯ ಮೇಲೆ ಕೂರಿಸಿ, ಉದ್ದ ಹಗ್ಗದಲ್ಲಿ ಶಿಕ್ಷಕರೇ ಕುದುರೆಯನ್ನು ವೃತ್ತಾಕಾರವಾಗಿ ನಡೆಸುತ್ತಾರೆ. ಸವಾರನಿಗೆ ರಿಕಾಪೂ ಇಲ್ಲ, ಲಗಾಮೂ ಇಲ್ಲ. ಕೂರುವುದು ಗಟ್ಟಿಯಾಗುವವರೆಗೆ ತಿಂಗಳುಗಟ್ಟಲೆ ಇದೇ ಪಾಠ. ಅಲ್ಲಿ ಕಲಿತ ಕುದುರೆ ಹೊಸ ಸವಾರನಿಗೂ, ಕಲಿತ ಸವಾರ ಹೊಸ ಕುದುರೆಗೂ ಗುರು. ಇಬ್ಬರೂ ಹೊಸಬರಾದರೆ ಅಪಾಯ ಇಬ್ಬರಿಗೂ.

ನಮ್ಮಲ್ಲಿ ದಾರಿ ಯಾವುದು?

ಬೆಂಗಳೂರಿನಲ್ಲಿ ಸವಾರಿ ಶಾಲೆಗಳಿವೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಇವೆಂಟಿಂಗ್ ಸ್ಪರ್ಧೆಯಲ್ಲಿ 23ನೇ ಸ್ಥಾನ ಪಡೆದ ಫವಾದ್ ಮಿರ್ಜಾ ಇದೇ ನಗರದವರು. ಇವೆಂಟಿಂಗ್‌ನ ಮೂರು ಹಂತಗಳಲ್ಲಿ ಡ್ರೆಸೇಜ್ ಕೂಡ ಒಂದು. ಮೈಸೂರಿನಲ್ಲಿ ದಸರೆಗೆ ಮುನ್ನ ಆನೆಗಳ ಜತೆಗೆ ಅಶ್ವಾರೋಹಿ ಪೊಲೀಸ್ ದಳದ ಕುದುರೆಗಳಿಗೂ ಕುಶಾಲತೋಪಿನ ಸದ್ದನ್ನು ರೂಢಿ ಮಾಡಿಸುವ ತಾಲೀಮು ನಡೆಯುತ್ತದೆ. ಕುದುರೆಯ ಭಯವನ್ನು ಬಲವಂತವಿಲ್ಲದೆ, ಮತ್ತೆ ಮತ್ತೆ ಪರಿಚಯಿಸುವ ಮೂಲಕ ಕಳೆಯುವುದು ಹೇಗೆಂಬುದಕ್ಕೆ ಅದು ಕಣ್ಣೆದುರಿನ ನಿದರ್ಶನ.

ಶಿಕ್ಷಕರು ದಿನವೂ ಸಿಗದ ಆಸಕ್ತರು ಈ ಕ್ರಮವನ್ನು ಅನುಸರಿಸಬಹುದು. ಮೊದಲು ಕುದುರೆಯ ದೇಹರಚನೆ, ಆಹಾರ, ಗೊರಸಿನ ಆರೈಕೆಯನ್ನು ಓದಿ ತಿಳಿಯಬೇಕು. ಲಾಯದಲ್ಲಿ ಮೈ ಉಜ್ಜುವುದು, ಕೈಹಿಡಿದು ನಡೆಸುವುದನ್ನು ಅನುಭವಿಗಳ ಜತೆಯಲ್ಲಿ ಕಲಿಯಬೇಕು. ಸವಾರಿಯನ್ನು ನುರಿತ ಕುದುರೆಯ ಮೇಲೆ, ಶಿಕ್ಷಕರ ಎದುರೇ ಆರಂಭಿಸಬೇಕು, ಹೆಲ್ಮೆಟ್ ಕಡ್ಡಾಯ. ಪಾಠ ವಾರಕ್ಕೊಂದೇ ಆದರೂ ಸರಿ, ಉಳಿದ ದಿನಗಳಲ್ಲಿ ಅದಕ್ಕೆ ಸಂಬಂಧಿಸಿದ ಅಧ್ಯಾಯವನ್ನೇ ಓದಬೇಕು. ತಮ್ಮ ಸವಾರಿಯನ್ನು ಇನ್ನೊಬ್ಬರಿಂದ ಚಿತ್ರೀಕರಿಸಿ ಶಿಕ್ಷಕರಿಗೆ ತೋರಿಸಬೇಕು. ವಿಡಿಯೊದ ಅತ್ಯುತ್ತಮ ಉಪಯೋಗ ಪರರ ಸಾಧನೆ ನೋಡುವುದಕ್ಕಿಂತ ತಮ್ಮ ತಪ್ಪು ಕಾಣುವುದರಲ್ಲಿದೆ. ಪಳಗದ ಮರಿಕುದುರೆಯನ್ನು ಕೊಂಡು ಪುಸ್ತಕ ತೆರೆದಿಟ್ಟು ತಿದ್ದುವ ಸಾಹಸಕ್ಕೆ ಮಾತ್ರ ಯಾರೂ ಇಳಿಯಬಾರದು.

ಸರಿಯಾಗಿ ಓದಿದವರಿಗೆ ಶಿಕ್ಷಕರ ಒಂದು ಗಂಟೆಯ ಪಾಠ ಬೇಗ ಮನದಟ್ಟಾಗುತ್ತದೆ. ಕೆಟ್ಟ ಶಿಕ್ಷಕರನ್ನು ಗುರುತಿಸಿ ದೂರವಿರುವ ಶಕ್ತಿಯೂ ಬರುತ್ತದೆ. ಕುದುರೆಯ ಬಾಯಿ, ಬೆನ್ನುಗಳಿಗೆ ಪೆಟ್ಟಾಗದಂತೆ ಕಲಿಯಬೇಕೆನ್ನುವವರಿಗೆ ಪುಸ್ತಕಗಳಿಂದ ದೊರೆಯುವ ನಿಜವಾದ ಪ್ರಯೋಜನ ಇದು.