ಹೊಟ್ಟೆಹುಣ್ಣಿನ ಶಸ್ತ್ರಚಿಕಿತ್ಸೆ ನಡೆದು ಬಂದ ದಾರಿ ಮತ್ತು ಕಾಫಿ ಸೀಮೆ

ಕಳೆದ ಶತಮಾನದ ಬಹುಕಾಲ ದಕ್ಷಿಣ ಭಾರತದ ಸರ್ಜನ್ನರನ್ನು ಬಿಡದೆ ಕಾಡಿದ್ದು ಡುವೊಡಿನಂ ಹುಣ್ಣು. ಜಠರ ಮುಗಿದು ಸಣ್ಣಕರುಳು ಶುರುವಾಗುವ ಜಾಗದಲ್ಲಿ ಆಗುವ ಹುಣ್ಣು ಅದು. 1922ರ ಎವರೆಸ್ಟ್ ತಂಡದಲ್ಲಿದ್ದ ಹವರ್ಡ್ ಸಾಮರ್‌ವೆಲ್ ತಿರುವಾಂಕೂರಿನ ನೆಯ್ಯೂರು ಮಿಷನ್ ಆಸ್ಪತ್ರೆಗೆ ಬಂದು ನೆಲೆಸಿ, ಈ ಹುಣ್ಣಿನ ಶಸ್ತ್ರಚಿಕಿತ್ಸೆಗೆ ಹೆಸರಾದರು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1950-60ರ ದಶಕಗಳಲ್ಲಿ ದುಡಿದ ಫ್ರಾಂಕ್ ಟೋವಿ ಹುಣ್ಣಿನ ಭೂಗೋಳವನ್ನೇ ಹುಡುಕಹೊರಟರು. 1979ರಲ್ಲಿ ‘ಗಟ್’ ಪತ್ರಿಕೆಯಲ್ಲಿ ಅವರ ಸಮೀಕ್ಷೆ ಬಂತು: ಅನ್ನ ಉಣ್ಣುವ ದಕ್ಷಿಣದಲ್ಲಿ ಹುಣ್ಣು ಹೆಚ್ಚು, ಗೋಧಿ ತಿನ್ನುವ ಪಂಜಾಬಿನ ಕಡೆ ಕಡಿಮೆ.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ರೊಟ್ಟಿ, ಕಡುಬು, ಅನ್ನ ಎಲ್ಲವೂ ಅಕ್ಕಿಯವೇ. ಆ ನಕ್ಷೆಯಲ್ಲಿ ಇದೂ ಅನ್ನದ ಸೀಮೆಯೇ. ಹಾಗಾಗಿ ಹುಣ್ಣಿನ ಚಿಕಿತ್ಸೆಯ ಚರಿತ್ರೆಯನ್ನು ಇಲ್ಲಿಯ ತೋಟದ ಕೆಲಸಗಾರನ ಕಡೆಯಿಂದ ಓದಬೇಕು. ಆಪರೇಷನ್ ಗೆದ್ದಿತೋ ಇಲ್ಲವೋ ಎಂಬುದು ಅವನು ಡಿಸ್ಚಾರ್ಜ್ ಆದ ದಿನ ತಿಳಿಯುವುದಿಲ್ಲ. ಮರುವರ್ಷದ ಹಣ್ಣು ಕೊಯ್ಲಿಗೆ ಅವನು ಬಂದನೇ ಎಂದು ನೋಡಬೇಕು.

ಮೊದಲ ಉಪಾಯ ಹುಣ್ಣಿನ ಜಾಗವನ್ನು ಬಿಟ್ಟು, ಜಠರಕ್ಕೆ ನೇರವಾಗಿ ಕರುಳನ್ನು ಜೋಡಿಸುವುದು. ಆಪರೇಷನ್ ಸುಲಭ, ಸಾವು ಕಡಿಮೆ. ಆದರೆ ಆಮ್ಲ ಹರಿದು ಜೋಡಣೆಯ ಜಾಗದಲ್ಲೇ ಎಷ್ಟೋ ಜನರಿಗೆ ಮತ್ತೆ ಹುಣ್ಣಾಯಿತು. 1881ರಲ್ಲಿ ವಿಯೆನ್ನಾದ ಬಿಲ್‌ರೋತ್ ಕ್ಯಾನ್ಸರ್ ರೋಗಿಯೊಬ್ಬರ ಜಠರದ ಭಾಗವನ್ನು ಯಶಸ್ವಿಯಾಗಿ ಕತ್ತರಿಸಿ ತೆಗೆದಿದ್ದರು. ಆ ವಿಧಾನ ಮುಂದೆ ಹುಣ್ಣಿಗೂ ಬಂತು. ಹುಣ್ಣು ಮರುಕಳಿಸುವುದು ಕಡಿಮೆಯಾಯಿತು, ಬೇರೆ ತೊಂದರೆ ಶುರುವಾಯಿತು: ಉಂಡ ಕೂಡಲೇ ತಲೆಸುತ್ತು, ಬೆವರು, ಕಬ್ಬಿಣಾಂಶ ಮತ್ತು ಬಿ12 ಕೊರತೆಯ ರಕ್ತಹೀನತೆ, ವರ್ಷಗಳಾದ ಮೇಲೆ ಮೂಳೆ ಸವೆತ. ಈ ಮೂಳೆಯ ಕಾಯಿಲೆಯ ಬಗ್ಗೆಯೂ ಟೋವಿ ಬರೆದಿದ್ದಾರೆ. ಜಠರ ಚಿಕ್ಕದಾದವರು ದಿನಕ್ಕೆ ಐದಾರು ಸಲ ಸ್ವಲ್ಪಸ್ವಲ್ಪವೇ ತಿನ್ನಬೇಕು. ಬೆಳಗ್ಗೆ ಲೈನ್ ಮನೆಯಲ್ಲಿ ಉಂಡು, ಸಂಜೆ ಕಾಫಿಹಣ್ಣಿನ ಮೂಟೆಯನ್ನು ಕಣಕ್ಕೆ ಹೊರುವ ಆಳಿಗೆ ಅದು ಆಗದ ಮಾತು.

1943ರಲ್ಲಿ ಶಿಕಾಗೋದ ಡ್ರಾಗ್‌ಸ್ಟೆಡ್ ಆಮ್ಲ ಸ್ರವಿಸಲು ಪ್ರಚೋದಿಸುವ ವೇಗಸ್ ನರವನ್ನೇ ಕತ್ತರಿಸಿದರು. ನರ ಕತ್ತರಿಸಿ, ಕರುಳನ್ನೂ ಜೋಡಿಸುವ ಆಪರೇಷನ್ ನಮ್ಮ ಕಡೆಗೆ ಚೆನ್ನಾಗಿ ಒಗ್ಗಿತು. ಹುಣ್ಣು ಮಾಗಿ ಜಠರದ ಬಾಯಿ ಕಟ್ಟಿಕೊಂಡ ಸ್ಥಿತಿಯಲ್ಲಿ ಬರುವವರು ಇಲ್ಲಿ ಹೆಚ್ಚಿದ್ದುದೇ ಕಾರಣ.

ಕೊಳವೆ ಇಳಿಸಿ ಜಠರದ ಒಳಗನ್ನು ನೋಡುವ ಎಂಡೋಸ್ಕೋಪಿಯ ಚರಿತ್ರೆ ಸುರಕ್ಷತೆಯದೇ ಚರಿತ್ರೆ. 1868ರಲ್ಲಿ ಕುಸ್‌ಮೌಲ್ ಗಂಟಲಲ್ಲಿ ಇಳಿಸಿದ್ದು ನೆಟ್ಟನೆಯ ಕೊಳವೆ. ಕತ್ತಿ ನುಂಗುವ ಕಲಾವಿದನೊಬ್ಬ ಅದನ್ನು ನುಂಗಿ ತೋರಿಸಿದ. 1957ರಲ್ಲಿ ಹಿರ್ಷೊವಿಟ್ಜ್ ಗಾಜಿನ ಎಳೆಗಳ ಬಾಗುವ ಕೊಳವೆಯನ್ನು ತಂದ ಮೇಲೆ ಇದು ಸಾಮಾನ್ಯ ರೋಗಿಯೂ ತಾಳಬಲ್ಲ ಪರೀಕ್ಷೆಯಾಯಿತು. 1982ರಲ್ಲಿ ವಾರೆನ್ ಮತ್ತು ಮಾರ್ಷಲ್ ಹುಣ್ಣಿಗೆ ಮುಖ್ಯ ಕಾರಣವಾದ ಹೆಲಿಕೋಬ್ಯಾಕ್ಟರ್ ಪೈಲೊರಿ ಬ್ಯಾಕ್ಟೀರಿಯವನ್ನು ಬೆಳೆಸಿ ತೋರಿಸಿದರು. 2005ರಲ್ಲಿ ಅವರಿಗೆ ನೊಬೆಲ್ ಬಂತು. ಒಂದೆರಡು ವಾರದ ಆ್ಯಂಟಿಬಯೋಟಿಕ್ ಮತ್ತು ಆಮ್ಲ ತಗ್ಗಿಸುವ ಮಾತ್ರೆ, ಬರೀ ಹುಣ್ಣಿಗಾಗಿ ಹೊಟ್ಟೆ ಕೊಯ್ಯುವುದನ್ನು ಬಹುಮಟ್ಟಿಗೆ ನಿಲ್ಲಿಸಿದವು. ರಕ್ತ ಸುರಿಯುವ ಹುಣ್ಣಿಗೂ ಈಗ ಕೊಳವೆಯ ಮೂಲಕವೇ ಅಡ್ರಿನಲಿನ್ ಚುಚ್ಚಿ, ಕ್ಲಿಪ್ ಹಾಕುತ್ತಾರೆ.

ತೂತು ಬಿದ್ದ ಹುಣ್ಣಿಗೆ ಮಾತ್ರ ಇಂದಿಗೂ ಸಾಮಾನ್ಯವಾಗಿ ಆಪರೇಷನ್ನೇ ಬೇಕು. ಮೈಕೈ ನೋವಿಗೆಂದು ದಿನವೂ ನುಂಗುವ ಮಾತ್ರೆಗಳೂ ಹೀಗೆ ತೂತು ಬೀಳಲು ದೊಡ್ಡ ಕಾರಣ. ಹೊಟ್ಟೆ ಹಲಗೆಯಂತೆ ಬಿಗಿದಿರುತ್ತದೆ. ನಿಲ್ಲಿಸಿ ತೆಗೆದ ಎಕ್ಸ್‌ರೇಯಲ್ಲಿ ವಪೆಯ ಕೆಳಗೆ, ಬಲಗಡೆ ಯಕೃತ್ತಿನ ಮೇಲೆ, ಸಣ್ಣ ಕಪ್ಪು ಗೆರೆಯೊಂದು ಬಾಗಿ ಕಾಣುತ್ತದೆ. ಅದು ಹೊರಗೆ ಸೋರಿದ ಗಾಳಿ. 1937ರಲ್ಲಿ ಗ್ರಹಾಂ ಹೇಳಿಕೊಟ್ಟಂತೆ ಕೊಬ್ಬಿನ ಪದರದಿಂದ ತೂತು ಮುಚ್ಚಿದರೆ ಜೀವ ಉಳಿಯುತ್ತದೆ, ಆದರೆ ಹೊತ್ತು ಮೀರಬಾರದು. 2013ರ ಡೆನ್ಮಾರ್ಕ್ ಅಧ್ಯಯನದ ಪ್ರಕಾರ, ಆಸ್ಪತ್ರೆ ಸೇರಿದ ಮೇಲೂ ಆಪರೇಷನ್ ಒಂದು ಗಂಟೆ ತಡವಾದರೆ ಬದುಕುವ ಸಾಧ್ಯತೆ ಶೇ. 2.4ರಷ್ಟು ಇಳಿಯುತ್ತದೆ.

ಆದರೆ ದೊಡ್ಡ ಆಸ್ಪತ್ರೆಗೆಂದು ಮೂಡಿಗೆರೆಯಿಂದ ಮಂಗಳೂರಿಗೆ ಹೋಗಲು ಚಾರ್ಮಾಡಿ ಘಾಟಿ ಇಳಿಯಬೇಕು, ಕಳಸದಿಂದ ಮಣಿಪಾಲಕ್ಕೆ ಕುದುರೆಮುಖ, ಕಾರ್ಕಳ ದಾಟಬೇಕು. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಘಾಟಿಯೇ ಕುಸಿದು ಬಂದ್ ಆಗಿತ್ತು. ಹಾಗಾಗಿ ಇಲ್ಲಿಯ ಆಸ್ಪತ್ರೆಗಳ ರಿಜಿಸ್ಟರಿನಲ್ಲಿ ಆಪರೇಷನ್ನಿನ ಹೆಸರಿನ ಜೊತೆಗೆ ಇನ್ನೆರಡು ಅಂಕಣ ಬೇಕು: ನೋವು ಶುರುವಾಗಿ ಎಷ್ಟು ಗಂಟೆಗೆ ರೋಗಿ ಟೇಬಲ್ ಮೇಲೆ ಬಂದರು, ಒಂದು ವರ್ಷದ ನಂತರ ಹೇಗಿದ್ದಾರೆ. ಚಿಕ್ಕಮಗಳೂರಿನಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಈ ಲೆಕ್ಕವನ್ನು ಅಲ್ಲಿಂದಲೇ ಶುರುಮಾಡಬಹುದು.